ಋತುಪೂರ್ವದ ಮನೋವ್ಯಥೆ

ನಮ್ಮ ಮನೆಯಲ್ಲಿ ಅಕ್ಕನಿಗೆ ‘ಸಿಡುಕಿ’ ಎಂದು ಹೆಸರಿತ್ತು. ಮೂರು ವಾರ ನಗುನಗುತ್ತ ಓಡಾಡುವವಳು ಒಂದು ವಾರ ಬಾಗಿಲು ಹಾಕಿಕೊಂಡು ಅಳುವಳು, ಮಾತನಾಡಿಸಿದರೆ ಹರಿಹಾಯುವಳು, ಬದುಕೇ ಬೇಡವೆನ್ನುವಳು. ಮುಟ್ಟಾದ ಎರಡು ಮೂರು ದಿನಗಳಲ್ಲಿ ಎಲ್ಲವೂ ಮೋಡ ಸರಿದಂತೆ ಸರಿಯುತ್ತಿತ್ತು. ಹಿರಿಯರು ಹಟವೆಂದರು, ನಾನೂ ಹಾಗೆಯೇ ಎಣಿಸಿದ್ದೆ. ಮನಃಶಾಸ್ತ್ರದ ಓದು ನನ್ನ ತಪ್ಪನ್ನು ತೋರಿಸಿಕೊಟ್ಟಿತು.

ಮುಟ್ಟಿಗೆ ಮುಂಚೆ ಕೊಂಚ ಬೇಸರ, ಮೈನೋವು ಬಹುಮಂದಿ ಸ್ತ್ರೀಯರಿಗೆ ಉಂಟು, ಅದು ರೋಗವಲ್ಲ. ನಾನು ಹೇಳಹೊರಟಿರುವುದು ನೂರರಲ್ಲಿ ಸುಮಾರು 2ರಿಂದ 6 ಮಂದಿಯನ್ನು ಕಾಡುವ ತೀವ್ರವಾದ ಬೇನೆಯ ವಿಷಯ. ಅಮೆರಿಕದ ವೈದ್ಯ ರಾಬರ್ಟ್ ಫ್ರಾಂಕ್ 1931ರಲ್ಲಿಯೇ ಋತುಪೂರ್ವದ ಉದ್ವೇಗವನ್ನು ಕುರಿತು ಬರೆದಿದ್ದನು. ಆದರೂ ಅಲ್ಲಿಯ ಮನೋವೈದ್ಯ ಸಂಘದ ರೋಗಕೈಪಿಡಿ 1987ರಲ್ಲಿ ಇದನ್ನು ಅನುಬಂಧಕ್ಕೆ ಮಾತ್ರ ಸೇರಿಸಿತು. 1994ರಲ್ಲಿ ಹೆಸರು ಬದಲಾಯಿತು, ಸ್ಥಾನ ಬದಲಾಗಲಿಲ್ಲ. ಖಿನ್ನತೆಯ ರೋಗಗಳ ಸಾಲಿನಲ್ಲಿ ಪೂರ್ಣಸ್ಥಾನ ದೊರೆತದ್ದು 2013ರಲ್ಲಿ.

ಇಷ್ಟು ತಡವೇಕೆ? ಹೆಣ್ಣಿನ ಸಹಜ ದೇಹಧರ್ಮಕ್ಕೆ ಹುಚ್ಚಿನ ಹಣೆಪಟ್ಟಿ ಕಟ್ಟಿದಂತಾಗುವುದೆಂದು ಅನೇಕರು ವಿರೋಧಿಸಿದರು. ಅವರಲ್ಲಿ ಮನಃಶಾಸ್ತ್ರಜ್ಞೆ ಪೌಲಾ ಕ್ಯಾಪ್ಲನ್ ಪ್ರಮುಖರು. ಈ ಆಕ್ಷೇಪ ಹುರುಳಿಲ್ಲದ್ದೆಂದು ನಾನು ಹೇಳಲಾರೆ. ಆದರೆ ವೈದ್ಯರು ಹೆಸರಿಡದ ನೋವಿಗೆ ಮನೆಯವರು ಹೆಸರಿಡುತ್ತಾರೆ, ನಾವು ಇಟ್ಟಂತೆ.

ರೋಗವನ್ನು ಗುರುತಿಸುವ ಬಗೆ ಹೀಗಿದೆ. ಹೇಳಿರುವ 11 ಲಕ್ಷಣಗಳಲ್ಲಿ ಕಡಮೆಯೆಂದರೆ 5 ಇರಬೇಕು. ಅವುಗಳಲ್ಲಿ ಒಂದಾದರೂ ಖಿನ್ನತೆ, ಸಿಡುಕು, ಕಳವಳ, ಇಲ್ಲವೆ ಥಟ್ಟನೆ ಬದಲಾಗುವ ಮನಸ್ಥಿತಿಯಾಗಿರಬೇಕು. ಓದು, ಕೆಲಸ, ಸಂಸಾರಗಳಿಗೆ ಅಡ್ಡಿಯಾಗುವಷ್ಟು ಅಥವಾ ಸಹಿಸಲಾಗದಷ್ಟು ಅವು ಬಲವಾಗಿರಬೇಕು. ನೆನಪನ್ನು ನಂಬುವಂತಿಲ್ಲ, ಎರಡು ಋತುಚಕ್ರಗಳ ಕಾಲ ದಿನದಿನವೂ ಬರೆದಿಡಬೇಕು. ಮುಟ್ಟು ಕಳೆದ ಮೇಲೂ ದುಃಖ ಹಾಗೆಯೇ ಉಳಿದರೆ ಅದು ಬೇರೆ ರೋಗವಿರಬಹುದು.

ನನಗೆ ಬಹಳ ಸೋಜಿಗವೆನಿಸಿದ್ದು ಇದರ ಕಾರಣ. ಇಂಥವರ ರಕ್ತದಲ್ಲಿ ಹಾರ್ಮೋನುಗಳು ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಎಲ್ಲರಲ್ಲಿಯೂ ಆಗುವ ಏರಿಳಿತಕ್ಕೆ ಇವರ ಮಿದುಳು ಮಾತ್ರ ಬೇರೆ ಬಗೆಯಲ್ಲಿ ಸ್ಪಂದಿಸುತ್ತದೆ. 1998ರಲ್ಲಿ ಪೀಟರ್ ಶ್ಮಿಟ್ ಮತ್ತು ಸಂಗಡಿಗರು ಇದನ್ನು ಪ್ರಯೋಗದಿಂದ ತೋರಿಸಿದರು. ಸಿರೊಟೋನಿನ್ ಮೇಲೆ ಕೆಲಸಮಾಡುವ ಔಷಧಗಳು ಸಾಮಾನ್ಯ ಖಿನ್ನತೆಗೆ ವಾರಗಟ್ಟಲೆ ಹಿಡಿದರೆ, ಇಲ್ಲಿ ಕೆಲವೇ ದಿನಗಳಲ್ಲಿ ಗುಣ ತೋರುವುದುಂಟು. ಕೆಲವರಿಗೆ ಮುಟ್ಟಿನ ಮುಂಚಿನ ಎರಡು ವಾರ ಮಾತ್ರ ಕೊಟ್ಟರೆ ಸಾಕು.

ಸಾಯುವ ಮಾತು ಬಂದರೆ ಮಾತ್ರ ಬರಹ ಮುಗಿಯಲೆಂದು ಕಾಯಬಾರದು. ಅಕ್ಕನನ್ನು ನಾವು ಆ ವಾರವೇ ವೈದ್ಯರಲ್ಲಿಗೆ ಕರೆದೊಯ್ದೆವು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈಗ ಅವಳ ಎರಡನೆಯ ತಿಂಗಳ ಗುರುತುಗಳು ನಡೆದಿವೆ.