ಹೊಗೆ ಬಂದ ಮಾತ್ರಕ್ಕೆ ಬೋರ್ ಮಾಡಿಸಬೇಡಿ

ಪ್ರಶ್ನೆ: ಅಪ್ಪ ಭದ್ರಾವತಿಯ ವಿಐಎಸ್‌ಎಲ್‌ನಲ್ಲಿದ್ದಾಗ ಕೊಂಡ 1986ರ ಯೆಜ್ಡಿ ರೋಡ್‌ಕಿಂಗ್ ಈಗ ನನ್ನ ಕೈಯಲ್ಲಿದೆ. ನೂರಡಿ ರಸ್ತೆ, ಪೊಲೀಸ್ ಚೌಕಿ ಅಂತ ಊರೊಳಗೆ ಓಡಾಡಿದರೆ ಯಾವ ತಕರಾರೂ ಇಲ್ಲ. ಭದ್ರಾವತಿ ಕಡೆಗೆ ಬಿ.ಎಚ್. ರಸ್ತೆ ಹಿಡಿದು ಮಾಚೇನಹಳ್ಳಿ ದಾಟುವಷ್ಟರಲ್ಲಿ ಪಿಕಪ್ ಬಿದ್ದುಹೋಗುತ್ತದೆ, 60ರ ಮೇಲೆ ಹತ್ತುವುದಿಲ್ಲ. ಎರಡು ಸಲ ನಿಂತೇ ಹೋಯಿತು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್! ಹೊಗೆಯೂ ಜಾಸ್ತಿ. ಮೆಕ್ಯಾನಿಕ್ ‘ಎಂಜಿನ್ ಸವೆದಿದೆ, ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿ’ ಎನ್ನುತ್ತಾರೆ. ‘ಎಂಜಿನ್ ಬಿಚ್ಚಿಸಬೇಡ’ ಅಂತ ಅಪ್ಪನ ಹಟ. ಜುಲೈಯಲ್ಲಿ ಗೆಳೆಯರ ಜೊತೆ ಮೈಸೂರಿಗೆ ಹೋಗುವ ಆಸೆಯಿದೆ. ಏನು ಮಾಡಲಿ?
– ಹೆಸರು ಬೇಡ, ವಿನೋಬನಗರ, ಶಿವಮೊಗ್ಗ

ಉತ್ತರ: ಸದ್ಯಕ್ಕೆ ಅಪ್ಪನ ಮಾತು ಕೇಳಿ. ಬೋರ್ ಸವೆದ ಎಂಜಿನ್ ಮಾಚೇನಹಳ್ಳಿವರೆಗೆ ಕಾಯುವುದಿಲ್ಲ. ಬೆಳಿಗ್ಗೆ ಮನೆ ಮುಂದೆ ಕಿಕ್ ಹೊಡೆಯುವಾಗಲೇ ಸತಾಯಿಸುತ್ತದೆ, ಊರೊಳಗಿನ ಏರಿನಲ್ಲೇ ಸೋಲುತ್ತದೆ. ಅದು ಹತ್ತು ನಿಮಿಷ ಸುಧಾರಿಸಿಕೊಂಡು ಸರಿಯಾಗುವ ಕಾಯಿಲೆಯೂ ಅಲ್ಲ. ನೀವು ಹೇಳಿದ್ದು ಮೂರು ಲಕ್ಷಣ. ಮೂರಕ್ಕೂ ಒಂದೇ ಕಾರಣ ಎಂದು ಮೆಕ್ಯಾನಿಕ್ ತೀರ್ಮಾನಿಸಿದ್ದೇ ನನಗೆ ಒಪ್ಪಿಗೆಯಾಗದ ಸಂಗತಿ.

ಮೊದಲು ನಿಂತುಹೋಗುವ ವಿಷಯ. ಮತ್ತೆ ಭದ್ರಾವತಿ ಕಡೆ ಹೊರಡಿ. ಪ್ಲಗ್ ಸ್ಪಾನರ್ ಜೇಬಿನಲ್ಲಿರಲಿ. ಗಾಡಿ ನಿಂತ ಕೂಡಲೇ ಬದಿಗೆ ಹಾಕಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಎಂಜಿನ್ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಎಂದರ್ಥ. ಊರೊಳಗೆ ಪೆಟ್ರೋಲ್ ಖರ್ಚು ಕಡಿಮೆ, ಹಾಗಾಗಿ ಗೊತ್ತಾಗುವುದಿಲ್ಲ. ಹೆದ್ದಾರಿಯಲ್ಲಿ ಒಂದೇ ಸಮನೆ ಎಳೆಯುವಾಗ ಟ್ಯಾಂಕಿನೊಳಗೆ ನಿರ್ವಾತವಾಗಿ ಕಾರ್ಬೊರೇಟರ್ ಒಣಗುತ್ತದೆ. ಮುಚ್ಚಳ ಸರಿಯಿದ್ದರೆ ಟ್ಯಾಪಿನ ಜಾಲರಿಯಲ್ಲಿ ತುಕ್ಕು ಕೂತಿದೆಯೇ ನೋಡಿ. ಪೆಟ್ರೋಲ್ ಸಲೀಸಾಗಿ ಇಳಿಯುತ್ತಿದೆ ಎಂದಾದರೆ ಅಲ್ಲೇ ಪ್ಲಗ್ ಬಿಚ್ಚಿ, ಹೆಡ್ಡಿಗೆ ತಾಗಿಸಿ ಕಿಕ್ ಹೊಡೆಯಿರಿ. ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಅದರಿಂದ ಪ್ಲಗ್ ದೂರವಿರಲಿ. ಬಿಸಿಯಲ್ಲಿ ಕಿಡಿ ಇಲ್ಲ, ಆರಿದ ಮೇಲೆ ಇದೆ ಎಂದರೆ ಇಗ್ನಿಷನ್ ಕಾಯಿಲ್ ಇಲ್ಲವೇ ಕಂಡೆನ್ಸರ್ ಸೋತಿದೆ. ಕಿಕ್ಕೇ ಬಿಗಿಯಾಗಿ ಇಳಿಯದಿದ್ದರೆ ಮಾತ್ರ ಹುಷಾರು. ಪಿಸ್ಟನ್ ಸೀಜ್ ಆಗಿ ಬಿಟ್ಟಿದೆ. ಇನ್ನೊಂದು ಮೈಲಿಯೂ ಓಡಿಸಬೇಡಿ.

ಇನ್ನು ಹೊಗೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಗಾಡಿಯಲ್ಲಿ ಹೊಗೆ ನೋಡಿ ಬೋರ್ ಸವೆದಿದೆ ಅನ್ನುವುದು ಸ್ಪ್ಲೆಂಡರ್‌ನಂಥ ಫೋರ್-ಸ್ಟ್ರೋಕ್ ಕಂಡವರ ಲೆಕ್ಕ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಗೇರ್ ಬಾಕ್ಸಿನ ಆಯಿಲ್ ಕಡಿಮೆಯಾಗುತ್ತಿದೆಯೇ? ನೆಲಕ್ಕೆ ಒಂದು ಹನಿಯೂ ಬೀಳದೆ ಆಯಿಲ್ ಖಾಲಿಯಾಗುತ್ತಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಎಂಜಿನ್ ಆ ಆಯಿಲ್ಲನ್ನೇ ಎಳೆದುಕೊಂಡು ಸುಡುತ್ತಿದೆ. ಇದಕ್ಕಿಂತ ಅಪಾಯದ್ದು ಇನ್ನೊಂದು ಬದಿಯ, ಡೈನಮೋ ಕಡೆಯ ಸೀಲ್. ಆ ಸೀಲ್ ಸೋತರೆ ಹೊಗೆಯೇನೂ ಬರುವುದಿಲ್ಲ. ಸೀಲಿನ ಸಂದಿಯಿಂದ ಬರೀ ಗಾಳಿ ಒಳಗೆ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಎಕ್ಸಲೇಟರ್ ಬಿಟ್ಟರೂ ಎಂಜಿನ್ ತಾನಾಗಿ ರೇಸ್ ಆಗುವುದು, ಪ್ಲಗ್ ಬಿಳಿಚಿಕೊಳ್ಳುವುದು ಇದರ ಗುರುತು. ಹೆದ್ದಾರಿಯಲ್ಲಿ ಪಿಸ್ಟನ್ ಹಿಡಿದುಕೊಳ್ಳುವುದು ಹೆಚ್ಚಾಗಿ ಹೀಗೆ.

ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾದವರ ಮೈಸೂರು ಕಾರ್ಖಾನೆ ಮುಚ್ಚಿದ್ದೇ 1996ರಲ್ಲಿ. ಎಷ್ಟು ಕಡಿಮೆ ಓಡಿದ ಯೆಜ್ಡಿಯಾದರೂ ಅದರ ಸೀಲಿನ ರಬ್ಬರ್ ನಿಂತಲ್ಲೇ ಗಟ್ಟಿಯಾಗಿರುತ್ತದೆ. ಈಗಿನ ಶೇ. 20 ಎಥೆನಾಲ್ ಪೆಟ್ರೋಲ್ ಹಳೆಯ ರಬ್ಬರಿಗೂ ಒಗ್ಗದು, ಮಿಶ್ರಣವನ್ನೂ ಇನ್ನಷ್ಟು ತೆಳು ಮಾಡುತ್ತದೆ. ಬೋರ್ ಮಾಡಿಸಿ ಸೀಲ್ ಹಳೆಯದನ್ನೇ ಬಿಟ್ಟರೆ ಹೊಸ ಪಿಸ್ಟನ್ನೂ ಸುಟ್ಟುಹೋದೀತು.

60 ದಾಟದಿರುವುದಕ್ಕೆ ನನ್ನ ಗುಮಾನಿ ಸೈಲೆನ್ಸರ್ ಮೇಲೆ. ರೋಡ್‌ಕಿಂಗ್ 250 ಸಿಸಿಯದ್ದು, 16 ಎಚ್‌ಪಿ ಗಾಡಿ. 60ಕ್ಕೆ ಏದುಸಿರು ಬಿಡುವಂಥದ್ದಲ್ಲ. ವರ್ಷಗಟ್ಟಲೆ ಊರೊಳಗೇ ಮೆಲ್ಲಗೆ ಓಡಿದ ಗಾಡಿಯ ಎರಡೂ ಸೈಲೆನ್ಸರಿನ ಬ್ಯಾಫಲ್‌ಗಳಲ್ಲಿ, ಎಕ್ಸಾಸ್ಟ್ ಪೋರ್ಟಿನಲ್ಲಿ ಮಸಿ ಗಟ್ಟಿಯಾಗಿ ಕಟ್ಟಿರುತ್ತದೆ. ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ಎಂಜಿನ್ ಏನು ಎಳೆದೀತು? ಬ್ಯಾಫಲ್ ತೆಗೆಸಿ ಸ್ವಚ್ಛ ಮಾಡಿಸಿ. ಕಾಸ್ಟಿಕ್ ಸೋಡಾ ಹಾಕುವುದಾದರೆ ಅಲ್ಯೂಮಿನಿಯಂ ಭಾಗಕ್ಕೆ ತಾಗದಿರಲಿ, ತಿಂದುಬಿಡುತ್ತದೆ. ಪಾಯಿಂಟ್ ಗ್ಯಾಪ್, ಕ್ಲಚ್ ಸ್ಲಿಪ್, ಹಿಡಿದುಕೊಂಡಿರುವ ಬ್ರೇಕ್ ಡ್ರಮ್ ಇವನ್ನೂ ಜೊತೆಗೇ ನೋಡಿಸಿ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಕಂಪ್ರೆಷನ್ ಗೇಜ್ ಇರುವ ಗ್ಯಾರೇಜಿಗೆ ಹೋಗಿ. ಎಂಜಿನ್ ಬಿಸಿಯಿದ್ದಾಗ ಎಕ್ಸಲೇಟರ್ ಪೂರ್ತಿ ತೆರೆದು ಅಳೆಯಲಿ. ಬಳಿಕ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಎರಡನೇ ಸಲ ಒತ್ತಡ ಚೆನ್ನಾಗಿ ಏರಿದರೆ ರಿಂಗು ಅಥವಾ ಬೋರ್ ಸವೆದಿರುವುದು ನಿಜ. ನಿಮ್ಮ ಮೆಕ್ಯಾನಿಕ್ ಗೆದ್ದರು. ಆಗಲೂ ಪಿಸ್ಟನ್ ಮೊದಲು ಕೈಗೆ ಬರಲಿ, ಅದರ ಅಳತೆಗೆ ಲೇತ್‌ನಲ್ಲಿ ಬೋರ್ ಆಗಲಿ. ಪ್ರತಿ ಬೋರಿಗೂ ಸಿಲಿಂಡರಿನ ಲೋಹ ಕಡಿಮೆಯಾಗುತ್ತದೆ. 2022ರಿಂದ ಬರುತ್ತಿರುವ ಹೊಸ ಯೆಜ್ಡಿಯ ಭಾಗಗಳು ನಿಮ್ಮದಕ್ಕೆ ಕೂರುವುದಿಲ್ಲ.

ಮೈಸೂರು ಇನ್ನೂರೈವತ್ತು ಕಿಲೋಮೀಟರ್ ದಾರಿ. ಎರಡೂ ಕ್ರ್ಯಾಂಕ್ ಸೀಲ್ ಬದಲಾಗಿ, ಭದ್ರಾವತಿ–ತರೀಕೆರೆಗೆ ನಿಲ್ಲದೆ ಹೋಗಿಬಂದರೆ ಹೊರಡಿ, ಅದೂ 60–65ರ ವೇಗದಲ್ಲಿ. ಆ ಡ್ರಮ್ ಬ್ರೇಕುಗಳು ಈಗಿನ ಹೆದ್ದಾರಿ ವೇಗಕ್ಕೆ ಮಾಡಿದವಲ್ಲ. ಬೋರಿಂಗ್ ಮಾಡಿಸಬೇಕಾಗಿ ಬಂದರೆ ಈ ಜುಲೈ ಬಿಟ್ಟುಬಿಡಿ, ಹೊಸ ಪಿಸ್ಟನ್ ಪಳಗಲು ಮೊದಲ 500 ಕಿಲೋಮೀಟರ್ ಊರ ಸುತ್ತಲೇ ಓಡಿಸಿ.