ಬಿಸಿಯೂಟದ ಅಕ್ಕಿ: ಅಳತೆ ಮತ್ತು ತೂಕ

ಶಾಲಾ ಬಿಸಿಯೂಟದ ಅಕ್ಕಿಯನ್ನು ತೂಕದಲ್ಲಿ ಲೆಕ್ಕ ಹಾಕಲಾಗುತ್ತದೆ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, 6ರಿಂದ 8ನೇ ತರಗತಿಯ ಮಗುವಿಗೆ 150 ಗ್ರಾಂ ನಿಗದಿಯಾಗಿದೆ. ಆದರೆ ಅನೇಕ ಅಡುಗೆ ಕೋಣೆಗಳಲ್ಲಿ ಅಕ್ಕಿಯನ್ನು ಸೇರು, ಡಬ್ಬಿ ಅಥವಾ ಪಾತ್ರೆಯಿಂದ ಅಳೆಯುವುದು ರೂಢಿ. ತೂಕವನ್ನು ಅಳತೆಗೆ ಸರಿಯಾಗಿ ಪರಿವರ್ತಿಸದಿದ್ದಲ್ಲಿ ಮಕ್ಕಳ ಪಾಲು ಕಡಿಮೆಯಾಗುತ್ತದೆ; ದಾಸ್ತಾನು ವಹಿಯೂ ತಾಳೆಯಾಗುವುದಿಲ್ಲ.

1. ವ್ಯತ್ಯಾಸಕ್ಕೆ ಕಾರಣ

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಅಕ್ಕಿಯ ಕಾಳುಗಳ ನಡುವೆ ಗಾಳಿ ಇರುವುದರಿಂದ ಒಂದು ಲೀಟರ್ ಅಕ್ಕಿ ಸಾಮಾನ್ಯವಾಗಿ 750ರಿಂದ 850 ಗ್ರಾಂ ಮಾತ್ರ ತೂಗುತ್ತದೆ. ಕಾಳಿನ ಆಕಾರ, ತೇವಾಂಶ ಮತ್ತು ನುಚ್ಚಿನ ಪ್ರಮಾಣಕ್ಕೆ ತಕ್ಕಂತೆ ಇದು ಬದಲಾಗುತ್ತದೆ. ಪಾತ್ರೆಯನ್ನು ಕುಲುಕಿದರೆ ಅಥವಾ ರಾಶಿಯಾಗಿ ತುಂಬಿದರೆ ತೂಕ ಹೆಚ್ಚುತ್ತದೆ. ಸೇರಿನ ಪ್ರಮಾಣವೂ ಊರಿಂದ ಊರಿಗೆ ಭಿನ್ನ. ಆದ್ದರಿಂದ ಎಲ್ಲ ಶಾಲೆಗಳಿಗೂ ಅನ್ವಯಿಸುವ ಒಂದೇ ಪರಿವರ್ತನಾ ಅಂಕಿಯನ್ನು ನೀಡಲಾಗದು.

2. ಪಾತ್ರೆಯ ತೂಕ ನಿರ್ಧರಿಸುವ ಕ್ರಮ

(ಅ) ಖಾಲಿ ಪಾತ್ರೆಯನ್ನು ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಳ್ಳುವುದು.
(ಆ) ಕುಲುಕದೆ ಅಕ್ಕಿ ತುಂಬಿ, ಪಟ್ಟಿಯಿಂದ ಬಾಯಿಮಟ್ಟಕ್ಕೆ ಸಮ ಮಾಡಿ ಮತ್ತೆ ತೂಗುವುದು.
(ಇ) ಎರಡರ ವ್ಯತ್ಯಾಸವೇ ಅಕ್ಕಿಯ ತೂಕ. ಮೂರು ಬಾರಿ ತೂಗಿ ಸರಾಸರಿ ತೆಗೆಯುವುದು.
(ಈ) ಆ ಅಂಕಿಯನ್ನು ಅಳಿಸದ ಬಣ್ಣದಲ್ಲಿ ಗೋಡೆಯ ಮೇಲೆ ಬರೆದು, ಅದೇ ಪಾತ್ರೆಯನ್ನು ಬಳಸುವುದು.
(ಉ) ಹೊಸ ದಾಸ್ತಾನು ಬಂದಾಗ ಮತ್ತೊಮ್ಮೆ ತೂಗಿ ತಿದ್ದುವುದು.

3. ಉದಾಹರಣೆ

ಒಂದು ಶಾಲೆಯಲ್ಲಿ ಆ ದಿನದ ಹಾಜರಾತಿ: 1ರಿಂದ 5ನೇ ತರಗತಿ 64, 6ರಿಂದ 8ನೇ ತರಗತಿ 36.

ಬೇಕಾದ ಅಕ್ಕಿ: 6.4 + 5.4 = 11.8 ಕಿಲೋ.

ಎರಡು ಲೀಟರಿನ ಪಾತ್ರೆಯಲ್ಲಿ 1.6 ಕಿಲೋ ಹಿಡಿಯುವುದಾದರೆ ಏಳು ಪಾತ್ರೆಗೆ 11.2 ಕಿಲೋ ಆಗುತ್ತದೆ. ಉಳಿದ 600 ಗ್ರಾಂ ಅನ್ನು ತೂಗಿ ಸೇರಿಸಬೇಕು.

ಅದೇ ಪಾತ್ರೆಯನ್ನು ಎರಡು ಕಿಲೋ ಎಂದು ಭಾವಿಸಿದರೆ 5.9 ಪಾತ್ರೆ ಸಾಕೆಂದು ಕಾಣುತ್ತದೆ. ವಾಸ್ತವವಾಗಿ ಬೇಯುವುದು 9.44 ಕಿಲೋ. ಕೊರತೆ 2.36 ಕಿಲೋ, ಅಂದರೆ ಚಿಕ್ಕ ತರಗತಿಗಳ 23 ಮಕ್ಕಳ ಪಾಲು. ಇದೇ ಹಾಜರಾತಿಯಲ್ಲಿ 20 ದಿನ ಹೀಗಾದರೆ ವಹಿಯಲ್ಲಿ ಖರ್ಚಾದ 47.2 ಕಿಲೋ ಅಕ್ಕಿ ಚೀಲದಲ್ಲಿಯೇ ಉಳಿದಿರುತ್ತದೆ. ತನಿಖೆಯ ದಿನ ಯಾರೂ ಅಪಹರಿಸದಿದ್ದರೂ ಅಡುಗೆಯವರು ಮತ್ತು ಮುಖ್ಯ ಶಿಕ್ಷಕರು ಸಂಶಯಕ್ಕೆ ಗುರಿಯಾಗುತ್ತಾರೆ.

4. ಬೆಂದ ಅನ್ನದ ತೂಕ

ನಿಗದಿತ 100 ಗ್ರಾಂ ಎಂಬುದು ಹಸಿ ಅಕ್ಕಿಯ ತೂಕ. ಬೆಂದಾಗ ಅದು ನೀರು ಹೀರಿ ಸುಮಾರು ಎರಡೂವರೆಯಿಂದ ಮೂರು ಪಟ್ಟು ಆಗುತ್ತದೆ. ತಟ್ಟೆಯಲ್ಲಿ 100 ಗ್ರಾಂ ಅನ್ನ ಮಾತ್ರ ಇದ್ದಲ್ಲಿ ಅದು ಪೂರ್ಣ ಪಾಲಲ್ಲ. ಹೆಚ್ಚು ನೀರು ಹಾಕಿದರೆ ಅನ್ನದ ತೂಕ ಹೆಚ್ಚುತ್ತದೆಯೇ ಹೊರತು ಆಹಾರ ಹೆಚ್ಚುವುದಿಲ್ಲ.

5. ಸದಸ್ಯರು ಭೇಟಿಯ ವೇಳೆ ಪರಿಶೀಲಿಸಬೇಕಾದ ಅಂಶಗಳು

ತಕ್ಕಡಿ ಸುಸ್ಥಿತಿಯಲ್ಲಿದೆಯೇ? ಪಾತ್ರೆಯ ತೂಕವನ್ನು ಗೋಡೆಯ ಮೇಲೆ ಬರೆಯಲಾಗಿದೆಯೇ? ಅಂದಿನ ಹಾಜರಾತಿ, ಬಳಸಿದ ಅಕ್ಕಿ ಮತ್ತು ವಹಿಯ ಅಂಕಿ ಹೊಂದುತ್ತವೆಯೇ? ವ್ಯತ್ಯಾಸ ಕಂಡುಬಂದಲ್ಲಿ ಯಾರನ್ನೂ ದೂಷಿಸುವ ಮುನ್ನ ಪಾತ್ರೆಯನ್ನು ತೂಗಿ ನೋಡತಕ್ಕದ್ದು.