ಗೋಲ್ ಗೆರೆಯ ಮೇಲೊಂದು ಪ್ರಶ್ನೆ

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ವ್ಯಕ್ತಿಚಿತ್ರ ಬರೆಯುವುದನ್ನು ಕಲಿಸಲು ಅಮೆರಿಕದ ಗೋಲ್‌ಕೀಪರ್ ಬ್ರಿಯಾನಾ ಸ್ಕರಿಯವರನ್ನು ಆರಿಸಿಕೊಂಡೆ. 1996 ಮತ್ತು 2004ರ ಒಲಿಂಪಿಕ್ ಚಿನ್ನ, 1999ರ ವಿಶ್ವಕಪ್, 2010ರಲ್ಲಿ ತಲೆಗೆ ಬಿದ್ದ ಪೆಟ್ಟಿನಿಂದ ಆಟದ ಬದುಕಿನ ಕೊನೆ: ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಕಾಲರೇಖೆಯಾಗಿ ಬರೆದೆ.

1999ರ ಫೈನಲ್‌ನಲ್ಲಿ ಚೀನಾದ ಮೂರನೇ ಪೆನಾಲ್ಟಿಯನ್ನು ಸ್ಕರಿ ತಡೆದರು. ಅಮೆರಿಕ 5-4ರಿಂದ ಗೆದ್ದಿತು. ಆ ವಿಡಿಯೊ ನೋಡಿದ ವಿದ್ಯಾರ್ಥಿನಿಯೊಬ್ಬಳು, “ಮಿಸ್, ಒದೆಯೋ ಮೊದಲೇ ಅವರು ಗೆರೆ ಬಿಟ್ಟು ಮುಂದೆ ಬಂದ್ರಲ್ಲ, ಅದು ತಪ್ಪಲ್ವಾ?” ಎಂದಳು. ಈ ಪ್ರಶ್ನೆ ನನ್ನ ಪಾಠಯೋಜನೆಯಲ್ಲಿರಲಿಲ್ಲ. “ಆಮೇಲೆ ಹೇಳ್ತೀನಿ” ಎಂದು ಮುಂದುವರಿದೆ. ಅವಳು ಆ ದಿನ ಮತ್ತೆ ಕೈ ಎತ್ತಲಿಲ್ಲ.

ಮರುದಿನ ಅವಳ ಪ್ರಶ್ನೆಯಿಂದಲೇ ಪಾಠ ಆರಂಭಿಸಿದೆ. ಮುಂದೆ ಬಂದದ್ದು ನಿಯಮಕ್ಕೆ ವಿರುದ್ಧ. ಆದರೂ ರೆಫರಿ ಮತ್ತೆ ಒದೆಯಲು ಹೇಳಲಿಲ್ಲ. ಎರಡನ್ನೂ ಹಲಗೆಯ ಮೇಲೆ ಬರೆದು ಸುಮ್ಮನೆ ನಿಂತೆ. ಮಕ್ಕಳು ಎರಡು ಗುಂಪಾಗಿ ವಾದಿಸಿದರು, ಒಮ್ಮತಕ್ಕೆ ಬರಲಿಲ್ಲ. ಆದರೆ ಅವರು ಬರೆದ ವ್ಯಕ್ತಿಚಿತ್ರಗಳಲ್ಲಿ ಪದಕಗಳ ಜೊತೆಗೆ ಆ ಹೆಜ್ಜೆಯೂ ಇತ್ತು.

ನನ್ನ ಮೊದಲ ದಿನದ ಪಾಠದಲ್ಲಿ ಬರೀ ಪದಕಗಳಿದ್ದವು. ಈಗ ಪಾಠಯೋಜನೆಯಲ್ಲಿ ಮಕ್ಕಳ ಪ್ರಶ್ನೆಗೆಂದು ಐದು ನಿಮಿಷ ಖಾಲಿ ಬಿಡುತ್ತೇನೆ.